ಪಾಸ್‌ವರ್ಡ್ ಹೋಗಿ ಪಾಸ್‌ಕೀ ಬಂದರೆ ಚರ್ಚ್ ಕಚೇರಿಯ ಕೀಲಿ ಯಾರ ಕೈಯಲ್ಲಿ?

ನಮ್ಮ ಕೆಲವು ಚರ್ಚ್ ಕಚೇರಿಗಳಲ್ಲಿ ಕಂಪ್ಯೂಟರಿನ ಪಕ್ಕದ ಗೋಡೆಯಲ್ಲೋ ಮೇಜಿನ ಗಾಜಿನಡಿಯಲ್ಲೋ ಒಂದು ಚೀಟಿ ಇರುತ್ತದೆ. ಅದರಲ್ಲಿ ಇ-ಮೇಲ್ ಖಾತೆಯ ಪಾಸ್‌ವರ್ಡ್: ಪಾಲಕ ಸಂತರ ಹೆಸರು, ಮುಂದೆ ಚರ್ಚ್ ಕಟ್ಟಿದ ಇಸವಿ. ಊರಿಗೇ ಗೊತ್ತಿರುವ ಗುಟ್ಟು.

ಇಂತಹ ಪಾಸ್‌ವರ್ಡ್‌ಗಳ ಕಾಲ ಮುಗಿಯುತ್ತಾ ಬಂದಿದೆ. ಆಪಲ್, ಗೂಗಲ್ ಮತ್ತು ಮೈಕ್ರೋಸಾಫ್ಟ್ 2022ರ ಮೇ ತಿಂಗಳಲ್ಲಿ 'ಪಾಸ್‌ಕೀ' ಪದ್ಧತಿಗೆ ಜೊತೆಯಾಗಿ ಬೆಂಬಲ ಘೋಷಿಸಿದವು. ಮರುವರ್ಷ ಗೂಗಲ್ ಖಾತೆಗಳಿಗೆ ಅದು ಬಂತು. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ತನ್ನ ಹೊಸ ಖಾತೆಗಳಿಗೆ ಪಾಸ್‌ವರ್ಡನ್ನು ಕೇಳುವುದನ್ನೇ ಬಿಟ್ಟಿದೆ.

ಇದರ ಕ್ರಮ ಹೀಗೆ. ಖಾತೆ ತೆರೆಯುವಾಗ ಮೊಬೈಲ್ ಒಂದು ಜೋಡಿ ಕೀಲಿ ತಯಾರಿಸುತ್ತದೆ. ಒಂದು ಕಂಪನಿಯ ಬಳಿಗೆ ಹೋಗುತ್ತದೆ, ಗುಟ್ಟಿನ ಕೀಲಿ ನಮ್ಮಲ್ಲೇ ಉಳಿಯುತ್ತದೆ. ಮುಂದೆ ಪ್ರವೇಶಿಸುವಾಗ ಬೆರಳಚ್ಚು ಅಥವಾ ಫೋನಿನ ಪಿನ್ ಕೊಟ್ಟರೆ ಸಾಕು. ಕೈಯಲ್ಲಿರುವ ಫೋನ್ ಒಂದು ಸಾಕ್ಷಿ, ಬೆರಳು ಇನ್ನೊಂದು ಸಾಕ್ಷಿ. ಮುಖ್ಯವಾದ ಮಾತೆಂದರೆ, ಈ ಕೀಲಿ ಅಸಲಿ ಜಾಲತಾಣದ ವಿಳಾಸಕ್ಕೆ ಮಾತ್ರ ಹೊಂದುತ್ತದೆ. ನಕಲಿ ತಾಣ ಕಣ್ಣಿಗೆ ಎಷ್ಟೇ ಅಸಲಿಯಂತೆ ಕಂಡರೂ ಫೋನ್ ಮೋಸಹೋಗುವುದಿಲ್ಲ.

ಒಟಿಪಿಗೆ ಈ ಗುಣವಿಲ್ಲ. ಇಂಟರ್ನೆಟ್ಟಿನಲ್ಲಿ ಕಾರ್ಡ್ ಬಳಸುವಾಗ ಎರಡನೆಯ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲಿ ಕಡ್ಡಾಯ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಆರಂಕಿಯ ಸಂಖ್ಯೆಯನ್ನು ಬಾಯಲ್ಲಿ ಹೇಳಬಹುದಲ್ಲ! ಮಕ್ಕಳೆಲ್ಲ ಗಲ್ಫಿನಲ್ಲಿರುವಾಗ ಮನೆಯಲ್ಲಿ ಒಂಟಿಯಾಗಿರುವ ತಾಯಿಯಿಂದ ಕಳ್ಳರು ಕೇಳಿ ಪಡೆಯುವುದು ಅದನ್ನೇ. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಹೊರಡಿಸಿ, ಬೆರಳಚ್ಚಿನಂತಹ ಇತರ ವಿಧಾನಗಳಿಗೂ ದಾರಿ ತೆರೆಯಿತು; ಜಾರಿಗೆ 2026ರ ಏಪ್ರಿಲ್ 1ನ್ನು ನಿಗದಿ ಮಾಡಿತು. ಎಸ್‌ಎಂಎಸ್ ಒಟಿಪಿಯನ್ನು ಅದು ನಿಷೇಧಿಸಿಲ್ಲ.

ಪಾಸ್‌ಕೀ ಎಲ್ಲಕ್ಕೂ ಮದ್ದಲ್ಲ. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿದಾಗ ತಾವೇ ಹಣ ಕಳುಹಿಸುವವರನ್ನು ಅದು ತಡೆಯಲಾರದು. ಅಜ್ಜಿಯ ಫೋನಿಗೆ ಮೊಮ್ಮಗ ತನ್ನ ಬೆರಳನ್ನೂ ಸೇರಿಸಿದ್ದರೆ ಕೀಲಿ ಅವನದೂ ಹೌದು.

ನಮ್ಮ ಮಟ್ಟಿಗೆ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಪಾಸ್‌ಕೀ ವ್ಯಕ್ತಿಯ ಫೋನಿಗೆ ಅಂಟಿಕೊಂಡದ್ದು, ಚರ್ಚಿನ ಖಾತೆ ಸಮುದಾಯದ್ದು. ವಿಗಾರರು ತಮ್ಮ ಸ್ವಂತ ಮೊಬೈಲಿನಲ್ಲಿ ಪಾಸ್‌ಕೀ ಮಾಡಿಕೊಂಡು ವರ್ಗಾವಣೆಯಾಗಿ ಹೋದರೆ ಕೀಲಿಯೂ ಅವರ ಜೊತೆ ಹೋಗುತ್ತದೆ. ವಿವಾಹ ಪ್ರಮಾಣಪತ್ರ ಕೇಳಿ ದುಬೈಯಿಂದ ಬಂದ ಪತ್ರ ತೆರೆಯಲು ಹೊಸ ವಿಗಾರರು ಹಳೆಯವರಿಗೆ ಫೋನ್ ಮಾಡಬೇಕು. ಧರ್ಮಕೇಂದ್ರದ ದಾಖಲೆ ಪುಸ್ತಕಗಳನ್ನೂ ಪತ್ರಾಗಾರವನ್ನೂ ಜೋಪಾನ ಮಾಡುವ ಹೊಣೆಯನ್ನು ಧರ್ಮಸಭೆಯ ಕಾನೂನಿನ 535ನೇ ವಿಧಿ ವಿಚಾರಣಾ ಗುರುಗಳಿಗೆ ವಹಿಸಿದೆ. ಇಂದು ಆ ಪತ್ರಗಳ ಒಂದು ಪಾಲು ಇ-ಮೇಲಿನಲ್ಲೇ ಇದೆ.

ಒಂದೇ ಖಾತೆಗೆ ಹಲವು ಫೋನ್‌ಗಳಲ್ಲಿ ಪಾಸ್‌ಕೀ ಮಾಡಲು ಗೂಗಲ್ ಅವಕಾಶ ಕೊಟ್ಟಿದೆ. ವಿಗಾರರ ಜೊತೆ ಪಾಲನಾ ಮಂಡಳಿಯ ಕಾರ್ಯದರ್ಶಿಯ ಫೋನಿನಲ್ಲೂ ಒಂದಿರಲಿ. ವರ್ಗಾವಣೆಯ ದಿನ ಹೋಗುವವರ ಕೀಲಿಯನ್ನು ಅಳಿಸಿ, ಬರುವವರದನ್ನು ಸೇರಿಸಲಿ. ಪಾಸ್‌ಕೀ ಮಾಡಿದರೂ ಹಳೆಯ ಪಾಸ್‌ವರ್ಡ್ ತಾನಾಗಿ ಸಾಯುವುದಿಲ್ಲ. ಗೋಡೆಯ ಚೀಟಿಯನ್ನು ಕಿತ್ತರೆ ಸಾಲದು, ಅದರಲ್ಲಿ ಬರೆದಿರುವುದನ್ನೂ ಬದಲಾಯಿಸಬೇಕು.