ಬೀರುವಿನ ಬೀಗ, ನೀರಿನ ಪಾರ್ಕು ಮತ್ತು ಸ್ಪೀಕರಿನ ಹಾಡು

ದಸರಾ ರಜೆ ಮುಗಿದು ಶಾಲೆಗಳು ಮತ್ತೆ ಶುರುವಾದ ಮೇಲೆ ನಮ್ಮ ಮೈಸೂರಿನ ಬಹಳಷ್ಟು ಶಾಲೆಗಳಲ್ಲಿ ಮೂರು ಸಂಗತಿಗಳು ತಪ್ಪದೆ ನಡೆಯುತ್ತವೆ. ಒಂದು, ನವೆಂಬರಿನ ಕನ್ನಡ ಹಬ್ಬಕ್ಕೆಂದು ಗ್ರಂಥಾಲಯದ ಬೀರುವಿನ ಧೂಳು ಹೊಡೆದು ಫೋಟೋ ತೆಗೆಯೋದು. ಎರಡು, ಡಿಸೆಂಬರಿನಲ್ಲಿ ‘ಶೈಕ್ಷಣಿಕ ಪ್ರವಾಸ’ ಅಂತ ಮಕ್ಕಳನ್ನು ಬಸ್ಸಿಗೆ ತುಂಬಿ ಯಾವುದಾದರೂ ನೀರಿನ ಪಾರ್ಕಿಗೆ ಬಿಟ್ಟು ಬರೋದು. ಮೂರು, ಸ್ಕೂಲ್ ಡೇ ದಿನ ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿ, ಬಾಡಿಗೆ ಬಟ್ಟೆ ತೊಡಿಸಿ ಕುಣಿಸೋದು. ಆಮೇಲೆ? ಆಮೇಲೇನು, ಬೀರುವಿಗೆ ಮತ್ತೆ ಬೀಗ, ಮೇಷ್ಟ್ರಿಗೆ ಪೋರ್ಷನ್ ಮುಗಿಸೋ ಗಡಿಬಿಡಿ, ಏಪ್ರಿಲ್ ಹತ್ತಕ್ಕೆ ರಿಸಲ್ಟು.

ಓದು ಆಯ್ತು, ಪ್ರವಾಸ ಆಯ್ತು, ಸಾಂಸ್ಕೃತಿಕ ಕಾರ್ಯಕ್ರಮವೂ ಆಯ್ತು. ವರದಿಯಲ್ಲಿ ಮೂರಕ್ಕೂ ಟಿಕ್ ಮಾರ್ಕ್ ಬಿತ್ತು.

ನನ್ನ ತಕರಾರು ಇರೋದು ಇಲ್ಲೇ. ಓದು, ಸುತ್ತಾಟ, ನಾಟಕ ಇವು ಪಾಠ ಮುಗಿದ ಮೇಲೆ ಬಾಯಿಗೆ ಹಾಕುವ ಪೆಪ್ಪರಮೆಂಟಲ್ಲ. ಇವೇ ಪಾಠ. ಇನ್ನೂ ಒಂದು ಮಾತು ಹೇಳ್ತೀನಿ, ಸಿಟ್ಟಾಗಬೇಡಿ. ಇವು ಚೆನ್ನಾಗಿ ನಡೆಯೋಕೆ ಸಾಧ್ಯ ಇರೋದು ಸಣ್ಣ ಶಾಲೆಯಲ್ಲಿ. ಅದನ್ನೇ ನಾವು ‘ಮಕ್ಕಳ ಸಂಖ್ಯೆ ಸಾಲದು’ ಅಂತ ಮುಚ್ಚೋ ಪಟ್ಟಿಗೆ ಸೇರಿಸ್ತಾ ಇದ್ದೀವಿ.

ಮೊದಲು ಬೀರುವಿನ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕ, ಕಥೆ ಪುಸ್ತಕವೂ ಇರಬೇಕು ಅಂತ ಅದು ಸ್ಪಷ್ಟವಾಗಿ ಹೇಳುತ್ತೆ. ಶೌಚಾಲಯ, ಕುಡಿಯೋ ನೀರು ಇರೋ ಪಟ್ಟಿಯಲ್ಲೇ ಕಥೆ ಪುಸ್ತಕವೂ ಇದೆ, ಗಮನಿಸಿ. ಆದರೆ ಪುಸ್ತಕ ಹರಿದರೆ, ಕಳೆದರೆ ಲೆಕ್ಕ ಕೊಡಬೇಕಾದವರು ಮೇಷ್ಟ್ರು. ಹಾಗಾಗಿ ಬೀಗ. ಒಂದು ಪುಸ್ತಕವೂ ಹರಿಯದ ಗ್ರಂಥಾಲಯ ಅಂದರೆ ಒಂದು ಪುಸ್ತಕವನ್ನೂ ಯಾರೂ ಓದದ ಗ್ರಂಥಾಲಯ. ಅಡಿಗೆಮನೆಯಲ್ಲಿ ಪಾತ್ರೆ ಕಪ್ಪಾಗಲೇ ಇಲ್ಲ ಅಂತ ಯಾರಾದರೂ ಜಂಭ ಕೊಚ್ಚಿಕೊಂಡರೆ ಆ ಮನೆಯವರ ಊಟದ ಬಗ್ಗೆ ನಮಗೆ ಅನುಮಾನ ಬರಲ್ವಾ?

ಎರಡನೆಯದು ಪ್ರವಾಸ. ಮೈಸೂರಿನಲ್ಲಿದ್ದುಕೊಂಡು ಮಕ್ಕಳನ್ನು ನೀರಿನ ಪಾರ್ಕಿಗೆ ಕರೆದುಕೊಂಡು ಹೋಗೋದು ಮಲ್ಲಿಗೆ ತೋಟದ ಯಜಮಾನ ಪ್ಲಾಸ್ಟಿಕ್ ಹೂವು ಕೊಂಡ ಹಾಗೆ. ಸುಮ್ಮನೆ ಒಂದು ಸುತ್ತು ಹಾಕಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಊರೊಳಗೇ ಇದೆ, ಹೆಜ್ಜಾರ್ಲೆ ನೋಡೋಕೆ ಟಿಕೆಟ್ಟಿನ ಸಾಲು ಬೇಕಿಲ್ಲ. ಕೆರೆಯ ಮಗ್ಗುಲಲ್ಲೇ ಮಾನಸಗಂಗೋತ್ರಿ, ಅದರೊಳಗೆ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ. ಅಲ್ಲಿಂದ ಕಾಲ್ನಡಿಗೆಯಲ್ಲಿ ಕಲಾಮಂದಿರ, ರಂಗಾಯಣ. ಸಿಎಫ್‌ಟಿಆರ್‌ಐ ಎದುರಿಗೆ 1979ರಲ್ಲಿ ಶುರುವಾದ ರೈಲ್ವೆ ಮ್ಯೂಸಿಯಂ. ಊರಿನ ಆಚೆ ತುದಿಗೆ ಹೋದರೆ ಕಾರಂಜಿ ಕೆರೆ ದಂಡೆಯಲ್ಲಿ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯ, ಪಕ್ಕದಲ್ಲೇ 1892ರ ಮೃಗಾಲಯ. ಇನ್ನು ಓರಿಯೆಂಟಲ್ ಲೈಬ್ರರಿ. ಕಳೆದೇ ಹೋಯಿತು ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿನ ತಾಳೆಗರಿ ಕಟ್ಟಿನಲ್ಲಿ, ಅಚ್ಚಾಗಿ ಹೊರಬಂದದ್ದು 1909ರಲ್ಲಿ. ಇಡೀ ಪ್ರಪಂಚದ ಇತಿಹಾಸಕಾರರು ಹೆಸರು ಹೇಳೋ ಆ ಕಟ್ಟಡದ ಮುಂದೆಯೇ ದಿನಾ ಸ್ಕೂಲ್ ವ್ಯಾನುಗಳು ಹಾರ್ನ್ ಹೊಡೆದುಕೊಂಡು ಹೋಗ್ತವೆ. ಒಳಗೆ ಏನಿದೆ ಅಂತ ಎಷ್ಟು ಮಕ್ಕಳಿಗೆ ಗೊತ್ತು?

ಖರ್ಚಿನ ಮಾತು ಎತ್ತಬೇಡಿ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೂ ಮೇಡಮ್ಮುಗಳಿಗೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಗಂಡುಹುಡುಗರ ಸಿಟಿ ಬಸ್ ಚಾರ್ಜು ಒಂದು ಸ್ಕೂಲ್ ಡೇ ಬಾಡಿಗೆ ಬಟ್ಟೆಯ ದುಡ್ಡಿಗಿಂತ ಹೆಚ್ಚಾಗಲ್ಲ.

ಮೂರನೆಯದು ನಾಟಕ. ಇದರ ಬಗ್ಗೆ ನಂಗೆ ಹೊಟ್ಟೆಯೊಳಗೆ ಉರಿ. ಯಾಕಂದ್ರೆ ಈ ಊರು ನಾಟಕದ ಊರು. 1989ರಲ್ಲಿ ಬಿ.ವಿ. ಕಾರಂತರು ರಂಗಾಯಣ ಕಟ್ಟಿದ್ದು ಇಲ್ಲಿ. ಕಾರಂತರು ಮಕ್ಕಳ ನಾಟಕವನ್ನು ದೊಡ್ಡವರ ನಾಟಕದಷ್ಟೇ ಗಂಭೀರವಾಗಿ ತಗೊಂಡವರು. ಅವರ ‘ಪಂಜರ ಶಾಲೆ’ಯ ಕಥೆ ಟಾಗೋರರದ್ದು. ಗಿಳಿಗೆ ವಿದ್ಯೆ ಕಲಿಸ್ತೀವಿ ಅಂತ ಪಂಜರ ಮಾಡಿಸಿ, ಪುಸ್ತಕದ ಹಾಳೆ ತುರುಕಿ ತುರುಕಿ, ಕೊನೆಗೆ ಗಿಳಿಯೇ ಸತ್ತು ಹೋಗುತ್ತೆ. ಪಂಜರ ಮಾತ್ರ ಬಲು ಚೆಂದ ಇತ್ತಂತೆ. ನಮ್ಮ ಖಾಸಗಿ ಶಾಲೆಗಳ ಹೊಸ ಹೊಸ ಕಟ್ಟಡ ನೋಡಿದಾಗಲೆಲ್ಲ ನಂಗೆ ಈ ಕಥೆ ನೆನಪಾಗುತ್ತೆ.

ಇಲ್ಲೊಂದು ತಮಾಷೆ ಇದೆ. ರಂಗಾಯಣ ಬೇಸಿಗೆ ರಜೆಯಲ್ಲಿ ಚಿಣ್ಣರ ಮೇಳ ನಡೆಸುತ್ತಲ್ಲ, ಅದರ ಅರ್ಜಿಗೆ ಅಪ್ಪ ಅಮ್ಮಂದಿರು ಸಾಲು ನಿಲ್ತಾರೆ. ತಪ್ಪೇನಿಲ್ಲ, ಒಳ್ಳೇದೇ. ಆದರೆ ಇದೇ ಅಪ್ಪ ಅಮ್ಮಂದಿರು ಜನವರಿಯಲ್ಲಿ ಶಾಲೆಯವರು ‘ನಾಟಕದ ರಿಹರ್ಸಲ್ ಇದೆ, ಒಂದು ಗಂಟೆ ಲೇಟಾಗುತ್ತೆ’ ಅಂದರೆ ‘ಟ್ಯೂಷನ್ ತಪ್ಪುತ್ತೆ ಮಿಸ್’ ಅಂತಾರೆ! ಮೇ ತಿಂಗಳಿನಲ್ಲಿ ವ್ಯಕ್ತಿತ್ವ ವಿಕಸನ ಆಗಿದ್ದ ನಾಟಕ ಜನವರಿಗೆ ಟೈಮ್ ವೇಸ್ಟ್ ಆಗೋದು ಹೇಗೆ? ಅದೂ ಅಲ್ಲದೆ, ಮೇಳಕ್ಕೆ ಸೇರೋಕೆ ಆಗೋದು ಎಲ್ಲರಿಗೂ ಅಲ್ಲ. ಗಾರೆ ಕೆಲಸಕ್ಕೆ ಹೋಗುವವರ ಮಗುವಿಗೆ, ಮನೆಗೆಲಸದವರ ಮಗುವಿಗೆ ನಾಟಕ ಸಿಗಬೇಕಾದ್ದು ಅದರ ಶಾಲೆಯಲ್ಲೇ. ಶಾಲೆ ಕೊಡದಿದ್ದರೆ ಅದಕ್ಕೆ ಇನ್ನೆಲ್ಲೂ ಸಿಗಲ್ಲ.

ಸ್ಪೀಕರಿನ ಹಾಡಿಗೆ ಕುಣಿಯೋದಕ್ಕೂ ನಾಟಕಕ್ಕೂ ಏನು ವ್ಯತ್ಯಾಸ ಅಂತೀರಾ? ಹಾಡಿನಲ್ಲಿ ಮಗುವಿಗೆ ಬಾಯಿಲ್ಲ. ಬೇರೆ ಯಾರೋ ಹಾಡಿದ್ದಾರೆ, ಬೇರೆ ಯಾರೋ ಹೆಜ್ಜೆ ಹೇಳಿಕೊಟ್ಟಿದ್ದಾರೆ. ನಾಟಕದಲ್ಲಿ ಮಗು ಮಾತಾಡಬೇಕು, ಎದುರಿನವರ ಮಾತು ಕೇಳಿಸಿಕೊಳ್ಳಬೇಕು, ತನ್ನ ಸರದಿಗೆ ಕಾಯಬೇಕು, ಮರೆತರೆ ಸಂಭಾಳಿಸಬೇಕು. ಅಕ್ಷರ ತೊಡರುವ ಹುಡುಗ ಕಿವಿಯಲ್ಲೇ ಕೇಳಿ ಮಾತು ಕಲೀತಾನೆ, ಆಮೇಲೆ ಅದೇ ಸಾಲನ್ನು ಪುಸ್ತಕದಲ್ಲಿ ಬೆರಳಿಟ್ಟು ಹುಡುಕ್ತಾನೆ. ಮನೆಯ ಕನ್ನಡ ಮಾತಾಡಿ ತರಗತಿಯಲ್ಲಿ ನಗೆಪಾಟಲಾದ ಹುಡುಗಿ ಅದೇ ಕನ್ನಡದಲ್ಲಿ ಅಜ್ಜಿ ಪಾತ್ರ ಮಾಡಿ ಚಪ್ಪಾಳೆ ತಗೋತಾಳೆ. ಇದನ್ನ ‘ಪಠ್ಯೇತರ’ ಅಂತ ಕರೆದವರು ಯಾರು ಸ್ವಾಮಿ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರ, ನಾಟಕ ನಾಲ್ಕನ್ನೂ ಹತ್ತನೇ ತರಗತಿವರೆಗೆ ಕಡ್ಡಾಯ ವಿಷಯ ಮಾಡಿ ಅಂತ ಹೇಳಿ ಆಯ್ತು. ಹೇಳಿದ್ದು ಪುಸ್ತಕದಲ್ಲಿದೆ, ಪುಸ್ತಕ ಬೀರುವಿನಲ್ಲಿದೆ, ಬೀಗ ನಿಮಗೆ ಗೊತ್ತೇ ಇದೆ.

ಈಗ ಸಣ್ಣ ಶಾಲೆಯ ವಿಷಯಕ್ಕೆ ಬರ್ತೀನಿ.

23 ಮಕ್ಕಳಿರುವ ಒಂದು ಕನ್ನಡ ಶಾಲೆ ಅಂದುಕೊಳ್ಳಿ. ಇಲಾಖೆಯ ಕಣ್ಣಿಗೆ ಇದು ರೋಗಿ. ನನ್ನ ಕಣ್ಣಿಗೆ ಇದೊಂದು ನಾಟಕ ತಂಡ, ಒಂದು ಸಿಟಿ ಬಸ್ಸಿನಲ್ಲಿ ಹಿಡಿಸುವ ಪ್ರವಾಸಿ ಗುಂಪು, ಒಂದೇ ಜಮಖಾನದ ಮೇಲೆ ಕೂರುವ ಓದುಗರ ಬಳಗ. ಎಂಟುನೂರು ಮಕ್ಕಳ ಶಾಲೆಯಲ್ಲಿ ಮೂವತ್ತು ಮಕ್ಕಳು ಕುಣೀತಾರೆ, ಉಳಿದವರು ಬಿಸಿಲಲ್ಲಿ ಕೂತು ನೋಡ್ತಾರೆ. 23ರ ಶಾಲೆಯಲ್ಲಿ ನೋಡೋಕೆ ಅಂತ ಯಾರನ್ನೂ ಬಿಡೋಕೆ ಆಗಲ್ಲ, ಎಲ್ಲರೂ ಬಣ್ಣ ಹಚ್ಚಲೇಬೇಕು.

ಒಂದು ಅವಧಿಯ ಲೆಕ್ಕ ಹಾಕೋಣ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ರಜೆ ಕಳೆದು ಇಪ್ಪತ್ತಕ್ಕೂ ಹೆಚ್ಚು ಶನಿವಾರ ಸಿಗ್ತವೆ. ಹೇಗೂ ಅರ್ಧ ದಿನದ ಶಾಲೆ. ಮೊದಲ ಆರು ಶನಿವಾರ ಬರೀ ಓದು, ಕುವೆಂಪು ಅವರ ಬೊಮ್ಮನಹಳ್ಳಿಯ ಕಿಂದರಿಜೋಗಿಯಿಂದಲೇ ಶುರು ಮಾಡಿ. ಯುರೋಪಿನ ಕಥೆಯನ್ನು ತುಂಗೆಯ ದಂಡೆಗೆ ತಂದ ಕವಿ ಬಾಳಿದ ‘ಉದಯರವಿ’ ಇರೋದು ಇದೇ ಮೈಸೂರಿನಲ್ಲಿ ಅಂತ ಹೇಳಿ. ಮುಂದಿನ ಆರು ಶನಿವಾರ ಸುತ್ತಾಟ, ಒಂದು ದಿನಕ್ಕೆ ಒಂದೇ ಜಾಗ. ಕೆರೆಗೆ ಹೋದರೆ ಕೆರೆ ಮಾತ್ರ, ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನಡೆದು ನೋಡಿ ಬರೋದು. ಉಳಿದ ಶನಿವಾರಗಳು ನಾಟಕಕ್ಕೆ. ಕಿಂದರಿಜೋಗಿ ಆಡಿಸೋದಾದರೆ ಇಲಿಗಳಿಗೆ ಮಿತಿಯೇ ಇಲ್ಲ, ಎಷ್ಟು ಮಕ್ಕಳಿದ್ದರೂ ಪಾತ್ರ ಇದೆ! ಬಾಲಕ್ಕೆ ಹಳೆ ಸೀರೆ ಅಂಚು ಸಾಕು. ಎಷ್ಟು ಬಾಲಕ್ಕೆ ಎಷ್ಟು ಮೊಳ ಬಟ್ಟೆ ಅನ್ನೋದೇ ಗಣಿತ.

ಸರ್ಕಾರದ ಅನುಮತಿ ಬೇಕಾ? ಅದೂ ಇದೆ. 2019ರ ಸುತ್ತೋಲೆ ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ದಿನ ಅಂತ ಹೇಳಿತ್ತು. ಬ್ಯಾಗೇನೋ ಕೆಲವು ಕಡೆ ಮನೆಯಲ್ಲೇ ಉಳೀತು. ಆದರೆ ಮಕ್ಕಳು ಅದೇ ಬೆಂಚಿನಲ್ಲಿ, ಅದೇ ಗೋಡೆ ನೋಡ್ತಾ ಕೂತರೆ ಬೆನ್ನಿಗೆ ಮಾತ್ರ ರಜೆ ಸಿಕ್ಕಿದ ಹಾಗಾಯ್ತು.

ಇದೆಲ್ಲ ಕನಸು ಅನ್ನುವವರಿಗೆ ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಕೊಡ್ತೀನಿ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಸಣ್ಣ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಶುರು ಮಾಡಿದ್ದೇ ‘ನಲಿ ಕಲಿ’. ಹಾಡು, ಕಾರ್ಡು, ಆಟ, ನಾಲ್ಕಾರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯೋದು. ಸಣ್ಣ ಶಾಲೆ, ಕಡಿಮೆ ಮೇಷ್ಟ್ರು ಅನ್ನೋ ಕೊರತೆಯನ್ನೇ ಅವರು ವಿಧಾನ ಮಾಡಿಕೊಂಡರು. ಮುಂದೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಹಬ್ಬಿತು. ರಾಜ್ಯಕ್ಕೆ ಪಾಠ ಹೇಳಿದ್ದು ಕಾಡಂಚಿನ ಸಣ್ಣ ಶಾಲೆಗಳು ಅನ್ನೋದನ್ನ ‘ವಿಲೀನ’ದ ಕಡತಕ್ಕೆ ಸಹಿ ಹಾಕೋ ಮೊದಲು ಒಮ್ಮೆ ನೆನೆಸಿಕೊಳ್ಳಲಿ.

ಮೈಸೂರು ನಗರದೊಳಗಿನ ಕಥೆ ನಿಮಗೆ ಗೊತ್ತೇ ಇದೆ. 1881ರಲ್ಲಿ ಹೆಣ್ಣುಮಕ್ಕಳಿಗಾಗಿ ಶುರುವಾದ ಎನ್‌ಟಿಎಂ ಶಾಲೆಯ ಜಾಗ ಸ್ಮಾರಕಕ್ಕೆ ಬೇಕಾಯ್ತು. ಸಾಹಿತಿಗಳು, ಕನ್ನಡ ಹೋರಾಟಗಾರರು ವರ್ಷಗಟ್ಟಲೆ ಬೀದಿಗಿಳಿದರು, ಕೋರ್ಟು ಕಚೇರಿ ಆಯ್ತು. 2022ರ ಆರಂಭದಲ್ಲಿ ಕಟ್ಟಡ ನೆಲಸಮವಾಯ್ತು. ಸ್ಮಾರಕ ಬೇಕೋ ಬೇಡವೋ ಅನ್ನೋ ಜಗಳಕ್ಕೆ ನಾನಿಲ್ಲಿ ಹೋಗಲ್ಲ. ನನಗೆ ಚುಚ್ಚಿದ್ದು ‘ಅಲ್ಲಿ ಇರೋದೇ ನಾಲ್ಕು ಮಕ್ಕಳು’ ಅನ್ನೋ ಧಾಟಿಯ ಮಾತು. ನಾಲ್ಕು ಮಕ್ಕಳು ಅಂದರೆ ನಾಲ್ಕು ಮಕ್ಕಳು ತಾನೇ? ಸೊನ್ನೆ ಅಲ್ಲವಲ್ಲ?

ಎದುರು ವಾದಗಳೂ ಇವೆ, ಅವನ್ನು ತಳ್ಳಿಹಾಕಲ್ಲ. ‘ಒಬ್ಬರೇ ಮೇಷ್ಟ್ರು, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಜನಗಣತಿ, ಚುನಾವಣೆ... ನಾಟಕ ಎಲ್ಲಿ ಮಾಡಿಸೋದು?’ ನಿಜ. ಅದಕ್ಕೆ ಮದ್ದು ಆ ಮೇಷ್ಟ್ರ ತಲೆಯಿಂದ ಲೆಕ್ಕದ ಪುಸ್ತಕ ಇಳಿಸೋದು, ಶಾಲೆಯನ್ನೇ ಮುಚ್ಚೋದಲ್ಲ. ಈ ಊರಿನಲ್ಲಿ ನಾಟಕ ಕಲಿತು ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಬರವಿಲ್ಲ. ಅವಧಿಗೊಬ್ಬರನ್ನು ಗೌರವಧನ ಕೊಟ್ಟು ಕಳಿಸಿ.

‘ಪರೀಕ್ಷೆ ಗತಿ ಏನು?’ ಐದು, ಎಂಟರ ಮಕ್ಕಳಿಗೂ 2023ರಲ್ಲಿ ರಾಜ್ಯ ಮಟ್ಟದ ಪರೀಕ್ಷೆ ತಂದರು, 2024ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಬೇಕಾಯ್ತು. ಆ ಎಳೆದಾಟದಲ್ಲಿ ಹೋದ ತಿಂಗಳುಗಳಲ್ಲಿ ಎರಡು ನಾಟಕ ಆಡಬಹುದಿತ್ತು.

‘ಮಕ್ಕಳ ಸುರಕ್ಷತೆ?’ ಇದು ಮಾತ್ರ ತೂಕದ ಮಾತು. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆ ಹೋದ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುರ್ಡೇಶ್ವರದ ಕಡಲಲ್ಲಿ ಪ್ರಾಣ ಕಳೆದುಕೊಂಡರು. ಯಾವ ವಾದವೂ ಆ ತಾಯಂದಿರ ಮುಂದೆ ನಿಲ್ಲಲ್ಲ. ಆದರೆ ಇದರಿಂದ ‘ಪ್ರವಾಸವೇ ಬೇಡ’ ಅನ್ನೋ ಪಾಠ ಕಲಿತರೆ ಮತ್ತೆ ಮಕ್ಕಳನ್ನೇ ಶಿಕ್ಷಿಸಿದ ಹಾಗೆ. ನೂರಾರು ಕಿಲೋಮೀಟರ್ ದೂರ, ನಿದ್ದೆಗೆಟ್ಟು ಬಸ್ಸು, ಗೊತ್ತಿಲ್ಲದ ನೀರು, ಎಣಿಸೋಕಾಗದಷ್ಟು ಮಕ್ಕಳು, ಅಪಾಯ ಇರೋದು ಅಲ್ಲಿ. 23 ಮಕ್ಕಳು, ಇಬ್ಬರು ಮೇಡಮ್ಮು, ಜೊತೆಗೆ ನಾಲ್ವರು ತಾಯಂದಿರು, ಬೆಳಗ್ಗೆ ಹೊರಟು ಬಿಸಿಯೂಟಕ್ಕೆ ವಾಪಸ್. ಎಣಿಸೋಕೆ ಬೆರಳು ಸಾಕು. ಹತ್ತಿರದ ಸಣ್ಣ ಪ್ರವಾಸಗಳು ರೂಢಿಯಾದರೆ ದೂರದ ಒಂದು ದೊಡ್ಡ ಪ್ರವಾಸಕ್ಕೆ ಮಕ್ಕಳು ಹಾತೊರೆಯೋದೂ ಕಮ್ಮಿಯಾಗುತ್ತೆ.

ಕೊನೆಗೆ ನಾನು ಕೇಳ್ತಿರೋದು ಇಷ್ಟೇ. ಶಾಲೆಯನ್ನು ತಲೆ ಎಣಿಸಿ ಅಳೆಯಬೇಡಿ. ಈ ಅವಧಿಯಲ್ಲಿ ಎಷ್ಟು ಪುಸ್ತಕ ಹರಿದವು, ಎಷ್ಟು ಸಲ ಮಕ್ಕಳು ಕಾಂಪೌಂಡಿನ ಆಚೆ ಹೋದರು, ಎಷ್ಟು ಮಕ್ಕಳಿಗೆ ಸ್ವಂತ ಬಾಯಲ್ಲಿ ಆಡೋಕೆ ನಾಲ್ಕು ಮಾತು ಸಿಕ್ಕಿತು, ಇದನ್ನು ಕೇಳಿ. ಈ ಮೂರು ಪ್ರಶ್ನೆಗೆ ಉತ್ತರ ಇರೋ ಶಾಲೆಯಲ್ಲಿ ಹತ್ತೇ ಮಕ್ಕಳಿರಲಿ, ಅದನ್ನು ಮುಚ್ಚೋ ಹಕ್ಕು ಯಾರಿಗೂ ಇಲ್ಲ. ಉತ್ತರ ಇಲ್ಲದ ಶಾಲೆಯಲ್ಲಿ ಸಾವಿರ ಮಕ್ಕಳಿದ್ದರೂ ಅದು ಬರೀ ಚೆಂದದ ಪಂಜರ.

ಬ್ಲಾಗಿಗ ಗೆಳೆಯರೇ, ನಿಮ್ಮ ಊರಿನದ್ದೂ ಬರೀರಿ. ಮನೆ ಹತ್ತಿರದ ಕನ್ನಡ ಶಾಲೆಗೆ ಒಂದು ಶನಿವಾರ ಹೋಗಿ, ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ ನೋಡಿ. ಕೈ ಸಿಕ್ಕಿದರೆ ಒಂದು ಕಥೆ ಓದಿ ಹೇಳಿ ಬನ್ನಿ. ಸಿಗದಿದ್ದರೆ, ಅದನ್ನೂ ಬರೀರಿ.