ಹಿತ್ತಲ ಮಾತು: ತಮ್ಮ ಹಾಕಿಸಿದ ತೋಟ

ಪಂಪ ಮಹಾಕವಿಗೆ ಜಿನವಲ್ಲಭನೆಂಬ ತಮ್ಮನಿದ್ದ ಸಂಗತಿ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರಲಿಕ್ಕಿಲ್ಲ. ಶಾಲೆಯಲ್ಲಿ ಪಂಪ, ಪೊನ್ನ, ರನ್ನ ಎಂದು ಬಾಯಿಪಾಠ ಮಾಡಿದವರಿಗೂ ಈ ಹೆಸರು ಕಿವಿಗೆ ಬಿದ್ದಿರುವುದಿಲ್ಲ. ಆದರೆ ಪಂಪನ ಮನೆತನದ ಬಗ್ಗೆ ನಮಗೆ ತಿಳಿದಿರುವ ಎಷ್ಟೋ ಮಾತು ಈ ತಮ್ಮ ಕಲ್ಲಿನ ಮೇಲೆ ಬರೆಯಿಸಿಟ್ಟಿದ್ದರಿಂದ ಉಳಿದಿದೆ.

ಆ ಕಲ್ಲು ಇರುವುದು ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿ, ಗಂಗಾಧರದ ಬಳಿಯ ಕುರಿಕ್ಯಾಲದ ಗುಡ್ಡದಲ್ಲಿ. ಊರವರು ಬೊಮ್ಮಲಗುಟ್ಟ ಎನ್ನುತ್ತಾರೆ. ತೆಲುಗಿನಲ್ಲಿ ಬೊಮ್ಮಲು ಎಂದರೆ ಬೊಂಬೆಗಳು. ಶಾಸನದಲ್ಲಿ ಅದರ ಹೆಸರು ವೃಷಭಗಿರಿ. ಈ ಸಲ ದೀಪಾವಳಿ ಮುಗಿಸಿಕೊಂಡು ಕುಲ್ಪಾಕಜೀ ಯಾತ್ರೆಗೆ ಹೋದವರು ಅಲ್ಲಿಯವರೆಗೂ ಹೋಗಿ ಬಂದೆವು. ಮಳೆಗಾಲ ಹಿಂದಾಗಿ ಹೊಲಗಳಲ್ಲೆಲ್ಲ ಹತ್ತಿ ಬಿರಿದಿತ್ತು. ಬಂಡೆ ಕಾಯುವ ಮೊದಲು, ಬೆಳಗಿನ ತಂಪಿನಲ್ಲಿಯೇ ಹತ್ತಿದರೆ ಒಳ್ಳೆಯದು. ಬಂಡೆಯ ಮೈಮೇಲೆ ಜಿನಬಿಂಬಗಳು, ಆದಿನಾಥ ಸ್ವಾಮಿಯ ಯಕ್ಷಿ ಚಕ್ರೇಶ್ವರಿ. ಜೊತೆಗೆ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಯ ಬರಹ. ಹತ್ತನೆಯ ಶತಮಾನದ್ದು. ಅದರಲ್ಲಿರುವ ತೆಲುಗು ಕಂದಪದ್ಯಗಳು ತೆಲುಗಿನವರಿಗೂ ಬಹಳ ಬೆಲೆಯುಳ್ಳವು.

ಆ ಮನೆತನವೂ ಗಡಿಯ ಮನೆತನವೇ. ತಂದೆಯ ಕಡೆಯ ಮೂಲ ವೆಂಗಿ ನಾಡು, ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಕಡೆಯವಳು, ಮಗ ಕವಿಯಾದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಇನ್ನೊಂದು ಮಾತು ಎನ್ನುವ ನಮ್ಮ ಬಾಳು ಅವರಿಗೂ ಹೊಸದಾಗಿರಲಿಲ್ಲವೇನೋ.

ಜಿನವಲ್ಲಭ ಅಲ್ಲಿ ತ್ರಿಭುವನತಿಲಕವೆಂಬ ಬಸದಿ ಕಟ್ಟಿಸಿದ, ಕೆರೆ ಕಟ್ಟಿಸಿದ, ಮದನವಿಲಾಸವೆಂಬ ತೋಟವನ್ನೂ ಹಾಕಿಸಿದ. ಕೆರೆಗೆ ಇಟ್ಟ ಹೆಸರು ಕವಿತಾಗುಣಾರ್ಣವ. ಅದು ಅಣ್ಣನ ಬಿರುದು! ಅಣ್ಣ 941ರಲ್ಲಿ ಬರೆದದ್ದಾದರೂ ಏನು? ಆದಿಪುರಾಣದಲ್ಲಿ ಭರತ ಬಾಹುಬಲಿಯರು ನೆಲಕ್ಕಾಗಿ ಎದುರುಬದುರಾಗಿ ನಿಲ್ಲುತ್ತಾರೆ. ಭಾರತದ ಕಥೆಯಲ್ಲಿಯೂ ದಾಯಾದಿಗಳದ್ದು ಅದೇ ಜಗಳ. ಎರಡೂ ಕಾವ್ಯದಲ್ಲಿ ಅಣ್ಣತಮ್ಮಂದಿರ ವೈರವನ್ನು ಹಾಡಿದ ಕವಿಯ ಹೆಸರನ್ನು ಅವನ ತಮ್ಮ ನೀರಿಗಿಟ್ಟ.

ತೋಟದಲ್ಲಿ ಏನೇನಿತ್ತೆಂದು ನನಗೆ ಕುತೂಹಲ. ಪೇರಲ, ಪಪ್ಪಾಯಿ, ಹಸಿಮೆಣಸಿನಕಾಯಿ ಇದ್ದಿರಲಾರವು, ಅವೆಲ್ಲ ಐದುನೂರು ವರ್ಷದೀಚೆಗೆ ಹಡಗು ಹತ್ತಿ ಬಂದವು. ಮಾವು, ಮಲ್ಲಿಗೆ ಇದ್ದಿರಬೇಕು. ಅವೆಂದರೆ ಅಣ್ಣನಿಗೆ ಪ್ರಾಣ, ತಮ್ಮ ಬಿಟ್ಟಾನೆಯೇ?

ದಾರಿಯುದ್ದಕ್ಕೂ ಗ್ರಾನೈಟ್ ಹೊತ್ತ ಲಾರಿಗಳು ಎದುರಾದವು. ಕರೀಂನಗರದ ಸುತ್ತ ಕ್ವಾರಿಗಳು ಬಹಳ. ನೋಡಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಆದರೆ ನಮ್ಮ ತಾಂಡೂರೂ ನೆಲಹಾಸಿನ ಕಲ್ಲು ಮಾರಿಯೇ ಬೆಳೆದ ಊರು, ಯಾರನ್ನು ಬೈಯಲಿ?

ನಮ್ಮ ಹಿತ್ತಲಲ್ಲಿ ಇರುವುದು ಒಂದು ಬಾವಿ, ಪಾರಿಜಾತ, ದಾಸವಾಳ, ನಿಂಬೆ, ಕರಿಬೇವು. ಗಡ್ಡೆ ಗೆಣಸು ನಾವು ಹಾಕುವುದಿಲ್ಲ. ಚಾತುರ್ಮಾಸದಲ್ಲಿ ಸೊಪ್ಪು ಕೀಳುವುದಿಲ್ಲವಾದ್ದರಿಂದ ರಾಜಗಿರಿ ತಾನೇ ಬೀಜ ಚೆಲ್ಲಿಕೊಂಡು, ಕಾರ್ತಿಕ ಬರುವಷ್ಟರಲ್ಲಿ ಬಚ್ಚಲ ಸಂದಿಯಲ್ಲಿಯೂ ಎದ್ದಿರುತ್ತದೆ. ನಮ್ಮ ಅತ್ತೆಯವರು ಹೆಜ್ಜೆ ಎತ್ತಿಡುವಾಗಲೂ ಸೆರಗು ಹಿಡಿದು ನೋಡಿ ನಡೆಯುತ್ತಿದ್ದರು.

ಈ ವರ್ಷ ನಮ್ಮ ಯಜಮಾನರೂ ಮೈದುನನೂ ತೊಗರಿ ಅಂಗಡಿ ಬೇರೆ ಮಾಡಿಕೊಂಡರು. ತಕ್ಕಡಿ, ಉದ್ರಿ, ಲೆಕ್ಕದ ಪುಸ್ತಕ ಎಲ್ಲ ಎರಡೇ ದಿನದಲ್ಲಿ ಹರಿಯಿತು. ನಿಂತಿರುವುದು ಹಿತ್ತಲೊಂದೇ. ಪುಷ್ಯದಲ್ಲಿ ಹೊಸ ತೊಗರಿ ಬರುವುದರೊಳಗೆ ಇಬ್ಬರಿಗೂ ಗೋದಾಮು ಬೇಕು, ಬಾವಿ ನಟ್ಟನಡುವೆ ಇದೆ. ಕ್ಷಮಾವಣಿಯ ದಿನ ಮೈದುನ ಫೋನಿನಲ್ಲಿಯೇ ಕ್ಷಮೆ ಕೇಳಿದ. ಇರುವುದು ಗೋಡೆಯಾಚೆ! ಯಾತ್ರೆಗೂ ಎರಡು ಗಾಡಿಯಲ್ಲಿ ಹೋದೆವು.

ಬಂಡೆಯ ಕೆಳಗೆ ಕುಳಿತು, ಪುಸ್ತಕದಲ್ಲಿ ಓದಿಕೊಂಡಿದ್ದನ್ನು ಮಕ್ಕಳಿಗೆ ಹೇಳಿದೆ. ಮನೆಯ ಐದು ಮಕ್ಕಳಲ್ಲಿ ಕನ್ನಡ ಓದಬಲ್ಲವನು ಮೈದುನನ ಹಿರಿಯ ಮಗನೊಬ್ಬನೇ. ಕೆರೆಯ ಹೆಸರಿನ ಮಾತು ಬಂದಾಗ ಅವನೇ ಕೇಳಿದ: “ದೊಡ್ಡವ್ವಾ, ನಮ್ಮ ಬಾವಿಗೆ ಯಾರ ಹೆಸರ ಅದ?”

ಯಜಮಾನರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಮೈದುನ, “ಅಜ್ಜ ತೋಡಿಸಿದ್ದು. ಅಜ್ಜನ ಬಾವಿನೇ ಅದು” ಅಂದ. ಇಳಿಯುವಾಗ ಯಜಮಾನರ ಮಂಡಿನೋವು ನೋಡಿ ಭುಜ ಕೊಟ್ಟವನೂ ಅವನೇ. ಬಾವಿಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಮುಂದಿನ ವಾರ ಅಳತೆಗೆ ಸರ್ವೆಯವರು ಬರುತ್ತಾರಂತೆ. ಪಾರಿಜಾತ ಇನ್ನೂ ಹೂ ಬಿಡುತ್ತಿದೆ. ಬೆಳಿಗ್ಗೆ ಗೋಡೆಯ ಈಚೆಗೆ ಬಿದ್ದಿದ್ದನ್ನು ನಾನು, ಆಚೆಗೆ ಬಿದ್ದಿದ್ದನ್ನು ನೆಗೆಣ್ಣಿ ಆರಿಸಿಕೊಂಡು ಒಂದೇ ಬಸದಿಗೆ ಒಯ್ಯುತ್ತೇವೆ. ಬೀಜ ಕಟ್ಟಿದ ಮೇಲೆ ಎರಡು ಸಸಿ ಮಾಡಬೇಕೆಂದು ಕುಂಡ ತಂದಿಟ್ಟಿದ್ದೇನೆ.