ಅಪಘಾತದ ರಾತ್ರಿ ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತು

ರಾತ್ರಿ ಒಂಬತ್ತು ಗಂಟೆಯ ಸಮಯ. ಕಾಲು ಮುರಿದ ಹುಡುಗನೊಬ್ಬನನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ತರುತ್ತಾರೆ. ಡ್ಯೂಟಿ ಡಾಕ್ಟರು 'ಹೇಗಾಯಿತು?' ಎಂದು ಕೇಳುತ್ತಾರೆ. ಹುಡುಗ ನೋವಿನಿಂದ ನರಳುತ್ತಿದ್ದಾನೆ. ಜೊತೆಗೆ ಬಂದ ಚಿಕ್ಕಪ್ಪ ಮುಂದೆ ಬಂದು, 'ಏನಿಲ್ಲ ಸಾರ್, ಬೈಕು ಸ್ಕಿಡ್ ಆಗಿ ತಾನೇ ಬಿದ್ದುಬಿಟ್ಟ' ಎನ್ನುತ್ತಾರೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ.

ನಡೆದದ್ದು ಬೇರೆ. ಅಡ್ಡರಸ್ತೆಯಿಂದ ನುಗ್ಗಿ ಬಂದ ಕಾರು ಗುದ್ದಿದೆ. ಕಾರಿನವರು ಹೊರಗೆ ಬಾಗಿಲ ಬಳಿಯೇ ನಿಂತಿದ್ದಾರೆ. 'ಖರ್ಚೆಲ್ಲ ನಾವು ನೋಡಿಕೊಳ್ಳುತ್ತೇವೆ, ಪೊಲೀಸು ಗಿಲೀಸು ಬೇಡ' ಎಂದು ಮಾತು ಕೊಟ್ಟಿದ್ದಾರೆ. ಮೊದಲ ಬಿಲ್ಲನ್ನು ಕಟ್ಟಿಯೂ ಕಟ್ಟುತ್ತಾರೆ. ಮೂರು ತಿಂಗಳಾದರೂ ಮೂಳೆ ಕೂಡಲಿಲ್ಲ, ಮತ್ತೊಂದು ಆಪರೇಷನ್ ಬೇಕು ಎಂದಾಗ ಅವರ ಫೋನು ಸ್ವಿಚ್ ಆಫ್. ಆಗ ಮನೆಯವರು ಠಾಣೆಗೆ ಹೋಗುತ್ತಾರೆ, ವಕೀಲರನ್ನು ಕಾಣುತ್ತಾರೆ. ವಿಚಾರಣೆಯ ದಿನ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯ ಆ ಒಂದು ಸಾಲನ್ನು ಎತ್ತಿ ತೋರಿಸುತ್ತಾರೆ: 'ತಾನೇ ಬಿದ್ದದ್ದು'.

ಇಂಥ ಸಂದರ್ಭ ಅಪರೂಪವೇನಲ್ಲ. ಆರೋಗ್ಯದ ಅಂಕಣದಲ್ಲಿ ಕೋರ್ಟಿನ ಮಾತೇಕೆ ಎಂದು ನೀವು ಕೇಳಬಹುದು. ತೊಡೆಯ ಮೂಳೆ ಮುರಿದವನಿಗೆ ಆಪರೇಷನ್ನು, ರಾಡು, ಫಿಸಿಯೋಥೆರಪಿ, ದುಡಿಮೆ ಇಲ್ಲದ ತಿಂಗಳುಗಳು ಎಲ್ಲವೂ ಸೇರಿಯೇ ಚಿಕಿತ್ಸೆ. ಹಣವಿಲ್ಲವೆಂದು ಅರ್ಧಕ್ಕೇ ಫಿಸಿಯೋಥೆರಪಿ ಬಿಟ್ಟು, ಮಂಡಿ ಮಡಿಸಲಾಗದೆ ಉಳಿದವರನ್ನು ಯಾವ ಮೂಳೆ ಡಾಕ್ಟರರನ್ನು ಕೇಳಿದರೂ ತೋರಿಸುತ್ತಾರೆ.

ನಮ್ಮ ಕಾನೂನು ಇರುವುದು ಹೀಗೆ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪೂರ್ತಿ ಪರಿಹಾರ ಕೇಳುವವರು ಎದುರು ವಾಹನದ ಚಾಲಕನ ತಪ್ಪನ್ನು ತೋರಿಸಬೇಕು. ಗಾಯವಾಗಿದೆ ಎಂಬುದಷ್ಟೇ ಸಾಲದು. 1977ರಲ್ಲಿಯೇ ಸುಪ್ರೀಂ ಕೋರ್ಟು ಇದನ್ನು ಹೇಳಿತ್ತು, 2007ರಲ್ಲಿ ಮತ್ತೆ ಹೇಳಿತು. ಹಾಗೆಂದು ಕೊಲೆ ಮೊಕದ್ದಮೆಯಂಥ ಕಟ್ಟುನಿಟ್ಟಿನ ಸಾಕ್ಷ್ಯ ಬೇಕಿಲ್ಲ. ನಡೆದಿರುವ ಸಂಭವ ಯಾವ ಕಡೆಗೆ ಹೆಚ್ಚು ವಾಲುತ್ತದೆ ಎಂಬುದನ್ನು ನೋಡಿದರೆ ಸಾಕು ಎಂದು 2009ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಹಾಗಾಗಿ ಕಾಗದಗಳೆಲ್ಲ ಒಂದೇ ಮಾತು ಹೇಳುತ್ತಿದ್ದರೆ ಕೆಲಸ ಅಷ್ಟು ಕಷ್ಟವಲ್ಲ. ಕಷ್ಟವಾಗುವುದು ಮೊದಲ ಕಾಗದವೇ ನಿಮಗೆ ಎದುರು ನಿಂತಾಗ. ಆ ಗಳಿಗೆಯಲ್ಲಿ ಯಾರೂ ಲೆಕ್ಕ ಹಾಕಿ ಮಾತಾಡುವುದಿಲ್ಲ ಎಂಬ ನಂಬಿಕೆಯಿಂದ ಅದಕ್ಕೆ ಅಷ್ಟು ಬೆಲೆ.

ಮನೆಯವರು ಸುಳ್ಳು ಹೇಳುವುದಾದರೂ ಏಕೆ? ಠಾಣೆಯ ಭಯ. ಕೋರ್ಟಿಗೆ ಅಲೆಯುವ ಭಯ. ಗುದ್ದಿದವನು ನಮ್ಮೂರಿನವನೇ ಎಂಬ ದಾಕ್ಷಿಣ್ಯ. ಹುಡುಗನ ಬಳಿ ಲೈಸೆನ್ಸ್ ಇಲ್ಲ, ಬೈಕಿನಲ್ಲಿ ಮೂವರಿದ್ದರು ಎಂಬ ಅಳುಕು. ಎಲ್ಲಕ್ಕಿಂತ ಮುಖ್ಯವಾಗಿ, ಪೊಲೀಸ್ ಕೇಸು ಎಂದರೆ ಆಸ್ಪತ್ರೆಯವರು ಮುಟ್ಟುವುದಿಲ್ಲ ಎಂಬ ಹಳೆಯ ಹೆದರಿಕೆ. ಈ ಕೊನೆಯದಕ್ಕೆ ಉತ್ತರ 1989ರಲ್ಲಿಯೇ ಸಿಕ್ಕಿದೆ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಪೊಲೀಸರ ಕೆಲಸ ಆಮೇಲೆ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸರ್ಕಾರಿ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗೂ ಅದು ಅನ್ವಯ. 2025ರ ಮೇ ತಿಂಗಳಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯ ನಗದುರಹಿತ ಚಿಕಿತ್ಸೆಯೂ ಉಂಟು. ನಡೆದದ್ದನ್ನು ಮುಚ್ಚಿಟ್ಟರೆ ಅದೂ ಕೈತಪ್ಪೀತು.

ಲೈಸೆನ್ಸ್ ಇಲ್ಲದ ಮಾತ್ರಕ್ಕೆ, ಮೂವರು ಕೂತಿದ್ದ ಮಾತ್ರಕ್ಕೆ ತಪ್ಪು ನಿಮ್ಮ ತಲೆಗೆ ಬರುವುದಿಲ್ಲ. ಅಪಘಾತಕ್ಕೆ ಅದೇ ಕಾರಣವಾಯಿತೇ ಎಂದು ನೋಡಬೇಕು ಎಂದು 2008 ಮತ್ತು 2020ರ ತೀರ್ಪುಗಳು ಹೇಳಿವೆ. ನಿಮ್ಮದೂ ಸ್ವಲ್ಪ ತಪ್ಪಿದ್ದರೆ ಅಷ್ಟು ಪಾಲು ಕಡಿತವಾಗುತ್ತದೆ, ಮಿಕ್ಕದ್ದು ಸಿಗುತ್ತದೆ. ನಮ್ಮವರ ಮಕ್ಕಳು ಹಲವರು ನೆಲೆಸಿರುವ ಅಮೆರಿಕದ ವರ್ಜೀನಿಯಾ, ಮೇರಿಲ್ಯಾಂಡ್, ನಾರ್ತ್ ಕೆರೊಲಿನಾದಂಥ ಕೆಲವು ರಾಜ್ಯಗಳಲ್ಲಿ ಗಾಯಾಳುವಿನದು ನೂರಕ್ಕೆ ಒಂದು ಪಾಲು ತಪ್ಪಿದ್ದರೂ ಸಾಮಾನ್ಯವಾಗಿ ಏನೂ ಸಿಗದು. ಆ ಮಟ್ಟಿಗೆ ನಮ್ಮ ಕಾನೂನು ಕರುಣೆಯುಳ್ಳದ್ದು. ನಿಜ ಹೇಳಲು ಅಂಜುವ ಕಾರಣವಿಲ್ಲ.

ಹಾಗಾದರೆ ಆ ರಾತ್ರಿ ಏನು ಹೇಳಬೇಕು? ಯಾವ ವಾಹನ, ಯಾವ ಕಡೆಯಿಂದ ಬಂತು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದಷ್ಟೇ. ನಂಬರು ಗೊತ್ತಿದ್ದರೆ ಅದು. ನೀವು ಕಣ್ಣಾರೆ ಕಂಡಿಲ್ಲವಾದರೆ 'ನಾವು ನೋಡಿಲ್ಲ, ಗೊತ್ತಿಲ್ಲ' ಎನ್ನಿ. ಊಹಿಸಿ ಹೇಳಿದ್ದು ಸುಳ್ಳಿನಷ್ಟೇ ಕೆಡುಕು ಮಾಡುತ್ತದೆ. ರೋಗಿಗೆ ಪ್ರಜ್ಞೆ ಇದ್ದರೆ ಅವನೇ ಹೇಳಲಿ. ಬಂಧುಗಳು ಬಾಯಿ ಹಾಕದಿರುವುದೇ ಉಪಕಾರ. ಎಂ.ಎಲ್.ಸಿ. ಎಂದು ನೋಂದಾಯಿಸಿದರೇ, ಠಾಣೆಗೆ ತಿಳಿಸಿದರೇ ಎಂದು ಕೇಳಿಕೊಳ್ಳಿ. ದೂರು ಒಂದೆರಡು ದಿನ ತಡವಾದರೂ, ಗಾಯಾಳುವಿನ ಆರೈಕೆಯಲ್ಲಿದ್ದೆವು ಎಂಬ ಕಾರಣವನ್ನು ನ್ಯಾಯಾಲಯಗಳು ಒಪ್ಪುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟೇ ಹೀಗೆಂದಿದೆ.

ಈಗಾಗಲೇ ತಪ್ಪು ಹೇಳಿ ಆಗಿದ್ದರೆ? ಮರುದಿನ ರೋಗಿ ಎಚ್ಚರಗೊಂಡ ಮೇಲೆ ಅವನ ಬಾಯಿಂದಲೇ ಡಾಕ್ಟರಿಗೆ ನಿಜ ಹೇಳಿಸಿ, ದಿನಾಂಕ ಮತ್ತು ಸಮಯ ಹಾಕಿ ಕೇಸ್ ಶೀಟಿನಲ್ಲಿ ಹೊಸದಾಗಿ ಬರೆಯಲು ಕೇಳಿ. ಹಳೆಯ ಸಾಲನ್ನು ಅಳಿಸಿ ಎಂದು ಮಾತ್ರ ಕೇಳಬೇಡಿ. ತಿದ್ದಿದ ಕೇಸ್ ಶೀಟಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ, ತಿದ್ದಿದ ಡಾಕ್ಟರಿಗೂ ಗಂಡಾಂತರ.

ನಮ್ಮ ಡಾಕ್ಟರುಗಳ ಪಾಲೂ ಇದರಲ್ಲಿ ಕಡಿಮೆಯೇನಿಲ್ಲ. ಗದ್ದಲದಲ್ಲಿ 'ರಸ್ತೆ ಅಪಘಾತ' ಎಂದು ಎರಡೇ ಪದ ಗೀಚಿ ಮುಗಿಸುವವರಿದ್ದಾರೆ. ಮಾಹಿತಿ ಕೊಟ್ಟವರು ಯಾರು, ರೋಗಿಯೋ ಬಂಧುವೋ ದಾರಿಹೋಕನೋ ಎಂಬುದನ್ನು ಬರೆಯುವವರು ಕಡಿಮೆ. ಅರ್ಧ ನಿಮಿಷದ ಕೆಲಸ ಅದು. ಯಾರೋ ಹೇಳಿದ್ದನ್ನು ರೋಗಿಯೇ ಹೇಳಿದನೆಂಬಂತೆ ಬರೆದರೆ ಒಂದು ಸಂಸಾರದ ಅನ್ನ ಹೋಗಬಹುದು ಎಂಬುದನ್ನು ಮೆಡಿಕಲ್ ಕಾಲೇಜಿನಲ್ಲಿಯೇ ಮನಸ್ಸಿಗೆ ನಾಟುವಂತೆ ಕಲಿಸಬೇಕು ಎಂದು ನನಗನಿಸುತ್ತದೆ. ಸಮನ್ಸ್ ಬಂದಾಗ ಸಾಕ್ಷಿ ಹೇಳಲು ಹಿಂಜರಿಯುವ ಚಾಳಿಯೂ ಬಿಡಬೇಕು.

ಇನ್ನೊಂದು ಸುಳ್ಳೂ ಇದೆ. ನಿಜವಾಗಿಯೂ ತಾನೇ ಬಿದ್ದವನಿಗೆ ವಿಮೆಯುಳ್ಳ ಯಾವುದೋ ವಾಹನವನ್ನು ತಂದು ಅಂಟಿಸುವುದು. ಹಾಗೆ ಮಾಡಿಕೊಡುತ್ತೇವೆಂದು ವಾರ್ಡಿನವರೆಗೂ ಬರುವ ಮಧ್ಯವರ್ತಿಗಳನ್ನು ನಂಬಬೇಡಿ. ಇಂಥವರ ದೆಸೆಯಿಂದಲೇ ನಿಜವಾದ ಗಾಯಾಳುವನ್ನೂ ವಿಮಾ ಕಂಪನಿ ಕಳ್ಳನಂತೆ ಪಾಟೀಸವಾಲು ಮಾಡುತ್ತದೆ. ತಾನೇ ಬಿದ್ದವನಿಗೆ ಬೇರೆ ದಾರಿ ಉಂಟೇ ನೋಡಿ. ವಾಹನ ಅವನದೇ ಆಗಿದ್ದು, ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ವಿಮೆ ಇದ್ದರೆ ಸಾವಿಗೂ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೂ 15 ಲಕ್ಷ ರೂಪಾಯಿ ಉಂಟು. ಬರಿಯ ಕಾಲು ಮುರಿತಕ್ಕೆ ಅದು ಬರುವುದಿಲ್ಲ ಎಂಬುದು ಕೊರತೆಯೇ. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಕೊಡುವ ಪ್ರತ್ಯೇಕ ಯೋಜನೆ 2022ರ ಏಪ್ರಿಲ್‌ನಿಂದ ಇದೆ. ಯಾರ ತಪ್ಪೆಂದು ತೋರಿಸದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೊಡುವ 164ನೇ ಕಲಮೂ ಆಗಲೇ ಬಂತು. ಆದರೆ ಕಂಪನಿಯವರು ಮುಂದಿಟ್ಟ ಆ ಹಣವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯಲ್ಲಿನ ನಿಮ್ಮ ಅರ್ಜಿ ಅಲ್ಲಿಗೆ ಮುಗಿಯಿತು. ಆದ್ದರಿಂದ ಸಹಿ ಹಾಕುವ ಮುನ್ನ ಗಾಯ ಎಷ್ಟರದು, ಮುಂದೆ ಎಷ್ಟು ಚಿಕಿತ್ಸೆ ಬೇಕಾದೀತು ಎಂದು ಡಾಕ್ಟರನ್ನು ಕೇಳಿ.

ಗಾಯದ ತೀವ್ರತೆಯ ಬಗೆಗೂ ಒಂದು ಮಾತು. ಮೂಳೆ ಅಥವಾ ಹಲ್ಲು ಮುರಿದರೆ ಕಾನೂನಿನ ಪ್ರಕಾರ ಅದು ತೀವ್ರ ಗಾಯವೇ. ಹದಿನೈದು ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಹಾಗೆಯೇ. 2024ರ ಜುಲೈಗೆ ಮುಂಚೆ ಇದು ಇಪ್ಪತ್ತು ದಿನವಿತ್ತು. ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಔಷಧಿ ಅಂಗಡಿಯ ಬಿಲ್ಲು, ಫಿಸಿಯೋಥೆರಪಿಯ ರಸೀತಿ, ಆಸ್ಪತ್ರೆಗೆ ಹೋಗಿಬಂದ ಆಟೋ ಖರ್ಚಿನ ಪಟ್ಟಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಅವಸರ ಬೇಡ, ಮೂಳೆ ಕೂಡಿದ ಮೇಲೆ ಚಿಕಿತ್ಸೆ ಕೊಟ್ಟ ಡಾಕ್ಟರಿಂದಲೇ ಪಡೆಯುವುದು ಮೇಲು. ಕಾಲಿಗೆ ಶೇಕಡಾ 30 ಎಂದರೆ ಇಡೀ ದೇಹಕ್ಕೆ ಶೇಕಡಾ 30 ಅಲ್ಲ. ಅದಕ್ಕಿಂತ ಮುಖ್ಯ, ನೀವು ಮಾಡುವ ಕೆಲಸಕ್ಕೆ ಎಷ್ಟು ಅಡ್ಡಿ ಎಂಬುದು. ಎಡಗೈ ಕಳೆದುಕೊಂಡ ಬಡಗಿಯ ಅಥವಾ ಡ್ರೈವರನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಯಿತು, ಸರ್ಕಾರಿ ಗುಮಾಸ್ತನದು ಹಾಗಲ್ಲ ಎಂದು ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ವಿವರಿಸಿತು. ಡಾಕ್ಟರಿಗೆ ನಿಮ್ಮ ಉದ್ಯೋಗವೇನೆಂದು ಬಿಡಿಸಿ ಹೇಳಿ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವವರು ಅದನ್ನೂ ಹೇಳಬೇಕು.

ಕಾಲದ ಗಡುವನ್ನು ಮರೆಯಬೇಡಿ. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿಯನ್ನು 2019ರ ತಿದ್ದುಪಡಿ ಮತ್ತೆ ತಂದಿತು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ಅದನ್ನೇ ನಂಬಿ ನೀವು ಮನೆಯಲ್ಲಿ ಕೂರಬೇಡಿ. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ನೀವು ವಾಸವಿರುವ ಊರಿಗೆ ಸಂಬಂಧಿಸಿದ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಪ್ಲಾಸ್ಟರು ಹಾಕಿದ ಕಾಲಿನಲ್ಲಿ ಪರವೂರಿನ ಬಸ್ಸು ಹತ್ತಬೇಕಾಗಿಲ್ಲ.